ಮುಚ್ಚಳ ತೆಗೆದವನು ನಾನು

ಹೆಸರು: ಸರ್ವೋತ್ತಮ, ತಂದೆ ದಿವಂಗತ ಶೀನಪ್ಪ. ಪ್ರಾಯ: 56. ಉದ್ಯೋಗ: ಸಮಾರಂಭಗಳಿಗೆ ಕುರ್ಚಿ, ಮೇಜು ಬಾಡಿಗೆ ಕೊಡುವುದು, ಬಡಿಸುವುದು. ವಾಸ: ಮುಸಫ್ಫಾ, ಅಬುಧಾಬಿ. ಊರು: ಉಡುಪಿ.

ಯಾರೂ ಕರೆಯದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ಇಲ್ಲಿನ ಖಾಲಿದಿಯಾದಲ್ಲಿ ಕಾಲೇಜು ಓದುವ ಯಹೂದಿ ಮಕ್ಕಳು ಸೇರುವ ಮನೆಯೊಂದಿದೆ. ನೋಡಿಕೊಳ್ಳುವವರು ಸ್ಟೇಸಿ ಮೇಡಂ. ಶುಕ್ರವಾರ ಸೂರ್ಯ ಮುಳುಗಿದ ಮೇಲೆ ವೈನ್ ಲೋಟ ಎತ್ತಿ ಪ್ರಾರ್ಥಿಸಿ ಉಣ್ಣುವುದು ಅವರ ಪದ್ಧತಿ. ನಿಯಮಗಳು ಗೋಡೆಯ ಮೇಲಿವೆ. ವಾರಕ್ಕೆ ಒಂದೇ ಬಾಟಲಿ. ತೆರೆಯುವವರು ಮೇಡಂ ಮಾತ್ರ. ಇಪ್ಪತ್ತೊಂದು ತುಂಬದವರಿಗೆ ದ್ರಾಕ್ಷಿ ರಸ. ತೆರೆದದ್ದಕ್ಕೆ ರಿಜಿಸ್ಟರಿನಲ್ಲಿ ಸಹಿ. ನಾನು ಅಲ್ಲಿ ಕುರ್ಚಿ ಹಾಕಿ ಬಡಿಸುತ್ತಿರುವ ಎರಡು ವರ್ಷದಲ್ಲಿ ಒಂದು ಗುಟುಕು ಹೆಚ್ಚುಕಮ್ಮಿ ಆದದ್ದು ನಾನು ಕಂಡಿಲ್ಲ.

ದಿನಾಂಕ 2-1-2026ರಂದು ಸಂಜೆ 5.10ಕ್ಕೆ ಇಪ್ಪತ್ತನಾಲ್ಕು ಕುರ್ಚಿ ಹಾಕಿದೆ. ಕಾಲೇಜಿಗೆ ರಜೆ. 6.05ರವರೆಗೆ ಬಂದವನು ಬ್ರಾಯನ್ ಎಂಬ ವಿದ್ಯಾರ್ಥಿ ಒಬ್ಬನೇ. ಬಾಗಿಲಿಂದ ನಾಲ್ಕನೇ ಕುರ್ಚಿಯಲ್ಲಿ ಕುಳಿತು ಖಾಲಿ ಲೋಟ ತಿರುಗಿಸುತ್ತಿದ್ದ. ಮೇಡಂ ಅಡುಗೆಮನೆಯಲ್ಲಿದ್ದರು. ಬಡಿಸುವವನ ಕಣ್ಣೆದುರು ಖಾಲಿ ಲೋಟ ಇರಬಾರದು ಎಂಬುದು ನನ್ನ ಮೂವತ್ತು ವರ್ಷದ ಅಭ್ಯಾಸ. ಮೇಜಿನ ಮೇಲಿದ್ದ ಬಾಟಲಿಯ ಮುಚ್ಚಳ ತೆಗೆದು ಸುರಿದುಬಿಟ್ಟೆ. ಅವನ ವಯಸ್ಸು ಕೇಳಲಿಲ್ಲ.

ಬ್ರಾಯನ್ ಲೋಟ ಮುಟ್ಟಲಿಲ್ಲ. ಇಪ್ಪತ್ತೊಂದಾಗಲು ತನಗಿನ್ನೂ ಒಂಬತ್ತು ದಿನ ಇದೆ, ಅಂಕಲ್ ಸ್ವಲ್ಪ ಬೇಗ ಹುಟ್ಟುಹಬ್ಬ ಮಾಡಿದಿರಿ ಎಂದು ನಕ್ಕ. ಅಷ್ಟರಲ್ಲಿ ಬಂದ ಮೇಡಂ, ಸರ್ವೋತ್ತಮ್ ಭಾಯ್, ಖಲಾಸ್, ತಮ್ಮವರಲ್ಲದವರು ತೆರೆದು ಸುರಿದ ವೈನ್ ತಮ್ಮ ಪ್ರಾರ್ಥನೆಗೆ ಬಾರದು ಎಂದರು. ಬೈಯಲಿಲ್ಲ. 6.12ಕ್ಕೆ ಲೋಟವನ್ನೂ ಬಾಟಲಿಯನ್ನೂ ನನ್ನ ಎದುರೇ ಸಿಂಕಿಗೆ ಬರಿದು ಮಾಡಿದರು. ಆ ದಿನ ದ್ರಾಕ್ಷಿ ರಸದಲ್ಲೇ ಪ್ರಾರ್ಥನೆ ಆಯಿತು.

ಅನಂತರ ಬ್ರಾಯನ್ ಪಕ್ಕದ ಕುರ್ಚಿ ಎಳೆದು, ಅಂಕಲ್, ಇಪ್ಪತ್ತಮೂರು ಖಾಲಿ ಇವೆ, ಒಂದರಲ್ಲಿ ನೀವು ಕುಳಿತರೆ ನಿಮಗೇನು ನಷ್ಟ ಎಂದು ಕೇಳಿದ. ನನ್ನದೇ ಕುರ್ಚಿಯಲ್ಲಿ ಗಿರಾಕಿಯ ಜೊತೆ ನಾನು ಕುಳಿತು ಉಂಡದ್ದು ಅದೇ ಮೊದಲು. ಹೆಂಡತಿ ಊರಿನಲ್ಲಿದ್ದಾಳೆ. ಎದುರು ಒಬ್ಬರಿದ್ದು ಉಂಡು ಎಷ್ಟು ದಿನವಾಯಿತೆಂದು ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಕೈಬಿಟ್ಟೆ.

ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಅವರ ಧರ್ಮದ ಪ್ರಕಾರ ಅವರು ಪೆನ್ನು ಹಿಡಿಯುವುದಿಲ್ಲ. ಆದ್ದರಿಂದ ಮೇಡಂ ರಿಜಿಸ್ಟರಿನಲ್ಲಿ ಬರೆದದ್ದು ಭಾನುವಾರ. 'ಒಂದು ಬಾಟಲಿ, ಚೆಲ್ಲಲಾಗಿದೆ' ಎಂದಷ್ಟೇ ಇದೆ. ನನ್ನ ವ್ಯಾಪಾರಕ್ಕೆ ತೊಂದರೆಯಾದೀತೆಂದು ಅವರು ನನ್ನ ಹೆಸರು ಬರೆದಿಲ್ಲ. ಆ ಸಂಜೆ ಬ್ರಾಯನ್ ಒಬ್ಬನೇ ಬಂದದ್ದನ್ನೂ ಕಸದಲ್ಲಿ ಖಾಲಿ ಬಾಟಲಿಯನ್ನೂ ಕಂಡು, ಆಮೇಲೆ ರಿಜಿಸ್ಟರನ್ನು ಕೇಳಿ ನೋಡಿದ ನೆರೆಯವರು, ಮೇಡಂ ಸಣ್ಣ ವಯಸ್ಸಿನವನಿಗೆ ಕುಡಿಸಿ ಎರಡು ದಿನ ಬಿಟ್ಟು ಸುಳ್ಳು ಬರೆದರೆಂದು ದೂರು ಕೊಟ್ಟಿದ್ದಾರೆ. ಮನೆಗೆ ಬೀಗ ಬೀಳುವ ಮಾತಿದೆ.

ಮುಚ್ಚಳ ತೆಗೆದವನು, ಸುರಿದವನು ನಾನು. ಹುಡುಗ ಕುಡಿದಿಲ್ಲ. ದಂಡ ಯಾವುದಿದ್ದರೂ ನನ್ನ ಹೆಸರಿಗೆ ಬರೆಯಬೇಕು.

ನಿನ್ನೆ ಬ್ರಾಯನ್ ಫೋನ್ ಮಾಡಿ, ಮನೆ ತೆರೆದಿದ್ದರೆ ಈ ಶುಕ್ರವಾರಕ್ಕೆ ಮೂರು ಕುರ್ಚಿ ಸಾಕು ಎಂದ. ಅವನು, ಮೇಡಂ ಸೇರಿ ಎರಡೇ ಆಗುತ್ತದೆ. ಲೆಕ್ಕ ತಪ್ಪಿದೆ ಎಂದು ನಾನು ಹೇಳಲಿಲ್ಲ.

ಇದನ್ನು ದುಭಾಷಿ ಗುರುದತ್ತ ಅವರು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದಂತೆಯೇ ಇದೆ, ಎಲ್ಲವೂ ನಿಜ.

ಸ್ಥಳ: ಅಬುಧಾಬಿ
ದಿನಾಂಕ: 7-1-2026
ಸಹಿ: ಸರ್ವೋತ್ತಮ