ಮೂರು ಸುತ್ತಿನ ಗಂಟು

ಬಲ್ಗೇರಿಯಾದ ಬೇರೆಲ್ಲ ಊರುಗಳಂತೆ ನಮ್ಮ ಗುಲಾಬಿ ಕಣಿವೆಯಲ್ಲೂ ಸೆಪ್ಟೆಂಬರ್ ಬಂತೆಂದರೆ ಮನೆಮನೆಯ ಮುಂದೆ ಕೆಂಪು ದಪ್ಪ ಮೆಣಸಿನಕಾಯಿ ಸುಡುವ ಹೊಗೆ. ಆ ಸಂಜೆ ಮಳೆ ಹಿಡಿದುಕೊಂಡಿದ್ದರಿಂದ ನಾವು ನಾಲ್ಕೈದು ಹೆಂಗಸರು ನೆದ್ಯಾಲ್ಕಾ ಅಜ್ಜಿಯ ಹಿತ್ತಿಲಲ್ಲಿ, ತಗಡಿನ ಮಾಡಿನ ಕೆಳಗೆ ಒಲೆ ಎಳೆದುಕೊಂಡು ಕೂತಿದ್ದೆವು. ಸುಡುತ್ತಿದ್ದವಳು ಅಜ್ಜಿಯ ಮೊಮ್ಮಗಳು ದಿಲ್ಯಾನಾ. ಎರಡು ವರ್ಷದಿಂದ ಜಾಮ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದಾಳೆಂದು ನಾವೆಲ್ಲ ತಿಳಿದಿದ್ದೆವು. ಯಾರೋ ದೆವ್ವದ ಮಾತು ತೆಗೆದರು. ಅಂಥ ಮಾತಿಗೆ ಯಾವತ್ತೂ ನಗುವ ಅಜ್ಜಿ ಅವತ್ತು ನಗಲಿಲ್ಲ. ಸುಟ್ಟ ಸಿಪ್ಪೆ ಸುಲಿಯುತ್ತಲೇ ಶುರುಮಾಡಿದಳು.

"ಆ ಪ್ಲಮ್ ಮರ ಕಾಣ್ತದಲ್ಲ... ಅದರ ಬುಡದಲ್ಲೇ ನಾನು ಕಂಡಿದ್ದು. ನಾನು ಬಂದೂಕಿನ ಕಾರ್ಖಾನೇಲಿ ಪೆಟ್ಟಿಗೆ ತುಂಬ್ತಿದ್ದೆ ಅಂತ ನಿಮಗೆಲ್ಲ ಗೊತ್ತು. ಅದು ಎಲ್ಲಿಗೆ ಹೋಗ್ತಿತ್ತು ಅಂತ ಯಾರೂ ಕೇಳಿಲ್ಲ, ನಾನೂ ಹೇಳಿಲ್ಲ. ಬಂದೂಕನ್ನ ಎಣ್ಣೆ ಕಾಗದದಲ್ಲಿ ಸುತ್ತಿ ಇಡೋದು, ಮುಚ್ಚಳದ ಮೇಲೆ 'ಬೇಸಾಯದ ಸಾಮಾನು' ಅಂತ ಅಚ್ಚು ಒತ್ತೋದು. ದಳ್ಳಾಳಿ ತಂದ ಕಾಗದದಲ್ಲಿ ಒಂದು ದೇಶದ ಹೆಸರು... ವಿಮಾನ ಇಳಿಯೋದು ಅದರ ಪಕ್ಕದ ದೇಶದಲ್ಲಿ, ಅಣ್ಣತಮ್ಮಂದಿರೇ ಕಡಿದಾಡೋ ಕಡೆ. ಲಾರಿಯವನು ಬಾಯಿಬಿಟ್ಟು ಹೇಳಿದ್ದ. ಕೇಳಿಸ್ಕೊಂಡು ಏನು ಮಾಡಿದ್ವಿ? ಇನ್ನೊಂದು ಪೆಟ್ಟಿಗೆ ಎಳ್ಕೊಂಡ್ವಿ.

"ಅವತ್ತು ಮಾರ್ಚ್ ಒಂದು. ನೀವೂ ಕಟ್ತೀರಲ್ಲ, ಮಕ್ಕಳ ಕೈಗೆ, ಕುರಿಮರಿಗೆ, ಬಾಗಿಲಿಗೆ, ಆ ಕೆಂಪು-ಬಿಳಿ ದಾರ, 'ಗಟ್ಟಿಯಾಗಿರು' ಅಂತ... ನನ್ನ ಹತ್ರ ನೀಲಿ ಮಣಿ ಪೋಣಿಸಿದ್ದೊಂದು ಉಳಿದಿತ್ತು. ಬಿಸಾಡಬಾರದಲ್ಲ, ಒಂದು ಬಂದೂಕಿನ ಪಟ್ಟಿಗೆ ಕಟ್ಟಿಬಿಟ್ಟೆ. ನಮ್ಮಮ್ಮ ಕಲಿಸಿದ ಮೂರು ಸುತ್ತಿನ ಗಂಟು. ಪಕ್ಕದಲ್ಲಿದ್ದ ರುಮ್ಯಾನಾ, 'ಕಟ್ಟೇ ತಾಯಿ, ಪಾಪ, ದಾರೀಲಿ ನೆಗಡಿಯಾದೀತು' ಅಂದ್ಲು. ಹೊಟ್ಟೆ ಹಿಡ್ಕೊಂಡು ನಕ್ಕೆವು ಕಣ್ರೇ.

"ಮುಂದಿನ ವರ್ಷ ಪ್ಲಮ್ ಹೂ ಬಿಡ್ತು. ಹೂ ಕಂಡಮೇಲೆ ಕೈಯ ದಾರ ಬಿಚ್ಚಿ ಮರಕ್ಕೆ ಕಟ್ಟಬೇಕಲ್ಲ, ಹೋದೆ. ಹಾಡುಹಗಲು. ಮರದ ಕೆಳಗೊಂದು ಹೆಣ್ಣುಮಗು, ಎಂಟು ವರ್ಷ ಇದ್ದೀತು, ನಮ್ಮ ಕಡೆಯದಲ್ಲ, ಬರಿಗಾಲು. ಎದೆ ಹತ್ರ ಅಂಗಿ ತೂತಾಗಿತ್ತು... ಆ ತೂತಿನೊಳಗಿಂದ ಹಿಂದಿನ ಹೂವು ಕಾಣ್ತಿತ್ತು. ಕೈ ಚಾಚಿತು. ಮಣಿಕಟ್ಟಿನಲ್ಲಿ ನನ್ನ ನೀಲಿ ಮಣಿ, ನನ್ನ ಗಂಟು. ಬಿಚ್ಚು ಅಂತ. ಒಂದೇ ಕೈಲಿ ಅದನ್ನ ಬಿಚ್ಚೋಕೆ ಬರಲ್ಲ...

"ಬಿಚ್ಚಿದ್ನಾ? ಇಲ್ಲ. ಬಿಚ್ಚಿದ್ರೆ ನಂದೇ ಗಂಟು ಅಂತ ಒಪ್ಪಿಕೊಂಡ ಹಾಗಾಗ್ತದಲ್ಲ. ನನ್ನ ಗಂಡ ಕಿಟಕಿಯಿಂದ 'ಯಾರೇ ಅದು?' ಅಂದ್ರು. ಆ ಮಗು ಮುಖ ನೋಡ್ತಾನೇ 'ಯಾರೂ ಇಲ್ಲ' ಅಂದೆ. ಅವತ್ತಿಂದ ಪ್ರತಿ ವರ್ಷ ಹೂ ಬಿಟ್ಟ ದಿನ ಬರ್ತದೆ... ಅಷ್ಟೇ ಎತ್ತರ, ಅದೇ ಅಂಗಿ. ನಾನು ಪರದೆ ಎಳ್ಕೊಂಡು ಒಳಗೆ ಕೂರ್ತೀನಿ."

ಬಂದೂಕಿಗೆ ಕಟ್ಟಿದ್ದು ಮಗುವಿನ ಕೈಗೆ ಹೇಗೆ ಬಂತು ಎಂದು ಯಾರೋ ಮೆಲ್ಲಗೆ ಕೇಳಿದರು.

"ಗೊತ್ತಿಲ್ಲ. ಕೇಳೋ ಮುಖ ಇದ್ದಿದ್ರೆ ಗಂಟೂ ಬಿಚ್ಚಿರ್ತಿದ್ದೆ." ಅಜ್ಜಿ ಚಾಕು ಕೆಳಗಿಟ್ಟಳು. "ಈ ವಸಂತದಲ್ಲಿ ಇಬ್ಬರು ಬಂದ್ರು. ಹೊಸದು ಇನ್ನೂ ಚಿಕ್ಕದು. ಅದರ ಕೈಲೂ ಕೆಂಪು-ಬಿಳಿ ದಾರ, ಮೂರು ಸುತ್ತಿನ ಗಂಟು. ನಾನು ಕಟ್ಟಿದ್ದಲ್ಲ... ಆ ಗಂಟನ್ನ ನಾನು ಕಲಿಸಿರೋದು ಒಬ್ಬಳಿಗೇ."

ದಿಲ್ಯಾನಾಳ ಕೈಯ ಇಕ್ಕಳ ನಿಂತುಬಿಟ್ಟಿತ್ತು. ಒಲೆಯ ಮೇಲೆ ಮೆಣಸಿನಕಾಯಿ ಸೀಯುತ್ತಿತ್ತು.

"ಜಾಮ್ ತುಂಬೋರ ಕೈಗೆ ಆ ಬಂದೂಕಿನ ಎಣ್ಣೆ ವಾಸನೆ ಬರಲ್ಲ ಮಗಳೇ. ನಿನ್ನ ಕಿಟಕಿ ಪರದೆ ಯಾಕೆ ಯಾವಾಗಲೂ ಎಳೆದಿರ್ತದೆ ಅಂತ ನಾನು ಕೇಳಿಲ್ಲ. ನನ್ನದು ಹೂ ಉದುರಿದ ಮೇಲೆ ಹೊರಟು ಹೋಗ್ತದೆ... ನಿನ್ನದು, ಕಾಯಿ ಹಣ್ಣಾಗಿ ಉದುರಿದ್ರೂ ಹೋಗಿಲ್ಲ. ಈಗಲೂ ನಿನ್ನ ಕಿಟಕಿ ಕೆಳಗೇ ಮಳೇಲಿ ನಿಂತಿದೆ... ಕೈ ಚಾಚ್ಕೊಂಡು."