ಡೆಮೊ ಕ್ಲಾಸಿಗೆ ಅತ್ತೆಯೇ ವಿದ್ಯಾರ್ಥಿ

...ಅಲ್ಲ ಅತ್ತೆ, ನೀವು ಬಟಾಣಿ ಬಿಡಿಸ್ತಾ ಇರಿ, ಬೇಡ ಅಂದೋರು ಯಾರು? ಒಂದು ಕಿವಿ ಮಾತ್ರ ನನ್ನ ಕಡೆ ಕೊಡಿ, ಸಾಕು. ನೀವು ಅಲ್ಲೇ, ಕಿಟಕಿ ಪಕ್ಕದ ಕುರ್ಚಿಯಲ್ಲಿ ವಿದ್ಯಾರ್ಥಿ. ನಾನು ಇಲ್ಲಿ ಫ್ರಿಜ್ ಮುಂದೆ ಟೀಚರ್. ಫ್ರಿಜ್ಜೇ ಬೋರ್ಡು. ...ಈಗಲೇ ಯಾಕೆ ನಗ್ತಿದೀರಿ? ಇನ್ನೂ ಶುರುವೇ ಮಾಡಿಲ್ಲ!

ಮೊದಲಿಂದ ಹೇಳಿಬಿಡ್ತೀನಿ. ಗೊತ್ತು, ನಿಮಗೆ ಗೊತ್ತಿದೆ. ಆದ್ರೂ ಹೇಳ್ತೀನಿ, ಹೇಳಿದ್ರೆ ನನಗೆ ಸ್ವಲ್ಪ ಧೈರ್ಯ. ನಮ್ಮ ಸ್ಕೂಲಿನವರು ಆನ್‌ಲೈನ್ ಕ್ಲಾಸು ನಿಲ್ಲಿಸಿಬಿಟ್ರು ಅಲ್ವಾ? ಅದಕ್ಕೇ ನಮ್ಮಂಥ ಆನ್‌ಲೈನ್ ಟೀಚರ್‌ಗಳೆಲ್ಲ ಅಲ್ಲೇ ಹೋಗಿ, ಬೆಂಚಿನ ಮೇಲೆ ಕೂತಿರೋ ನಿಜವಾದ ಮಕ್ಕಳ ಮುಂದೆ ನಿಂತು ಡೆಮೊ ಕೊಡಬೇಕು. ಡೆಮೊ ಅಂದ್ರೆ ಪಾಠ ಮಾಡಿ ತೋರಿಸೋದು. ಹೆಡ್‌ಮಿಸ್ ಹಿಂದೆ ಕೂತು ನೋಡ್ತಾರೆ. ಅವರಿಗೆ ಹಿಡಿಸಿದ್ರೆ ಕೆಲಸ ಉಳಿಯುತ್ತೆ, ಇಲ್ಲದಿದ್ರೆ ಇಲ್ಲ. ನಿನ್ನೆ ಇರಬೇಕಾಗಿತ್ತು, ಹೆಡ್‌ಮಿಸ್‌ಗೆ ಹುಷಾರಿಲ್ಲ ಅಂತ ಮುಂದಕ್ಕೆ ಹೋಯ್ತು. ಹೇಳಿದ್ನಲ್ಲ, ನಿನ್ನೆ ಸಂಜೆ? ಹಾಗಾಗಿ ಇವತ್ತು. ಊಟದ ಬಿಡುವು ಮುಗಿದ ಮೇಲೆ.

ಭಯವಾ? ನನಗಾ? ಛೆ, ಛೆ! ನೀವು ಕ್ಲಾಸ್ ರೂಮಿನಲ್ಲಿ ಪಾಠ ಮಾಡಿ ರಿಟೈರ್ ಆದೋರು, ನಿಜ. ನಾನು ಒಂದು ದಿನವೂ ಕ್ಲಾಸ್ ರೂಮಿನೊಳಗೆ ಪಾಠ ಮಾಡಿದೋಳಲ್ಲ, ಅದೂ ನಿಜ. ಶುರು ಮಾಡಿದ್ದೇ ಈ ಊಟದ ಮೇಜಿನ ಹತ್ರ ಕೂತು. ಆದ್ರೆ ಸುಖ ಯಾವುದರಲ್ಲಿ ಹೇಳಿ? ಮ್ಯೂಟ್ ಅಂತ ಒಂದು ಬಟನ್ ಇದೆ. ಒತ್ತಿದ್ರೆ ಎಲ್ಲರ ಬಾಯಿ ಬಂದ್! ನೀವು ಡಸ್ಟರ್ ಕುಟ್ಟಿ ಕುಟ್ಟಿ ಮೇಜಿನಲ್ಲಿ ಗುಂಡಿ ಬಿದ್ದಿತ್ತಂತೆ. ನಿಮ್ಮ ಮಗನೇ ಹೇಳಿದ್ದು, ನನ್ನ ಬೈಬೇಡಿ. ಆಮೇಲೆ, ಪ್ರತಿ ಮುಖದ ಕೆಳಗೂ ಹೆಸರು ಬರೆದಿರುತ್ತೆ. "ಏಯ್, ಕೆಂಪು ರಿಬ್ಬನ್" ಅಂತ ಕರೆಯೋ ಕಷ್ಟವೇ ಇಲ್ಲ.

ಮೋಸ ಇಲ್ಲ ಅಂತ ನಾನೆಲ್ಲಿ ಅಂದೆ? ಇದೆ. ಒಬ್ಬ ಎಷ್ಟು ಗಮನ ಕೊಟ್ಟು ಕೇಳ್ತಿದ್ದ ಅಂದ್ರೆ, ಕಣ್ಣೇ ಮಿಟುಕಿಸ್ತಿರಲಿಲ್ಲ. "ಎಲ್ಲರೂ ಇವನನ್ನ ನೋಡಿ ಕಲೀರಿ" ಅಂತ ವಾರವೆಲ್ಲ ಹೊಗಳಿದ್ದೇ ಹೊಗಳಿದ್ದು. ಆಮೇಲೆ ಗೊತ್ತಾಯ್ತು, ಅದು ಫೋಟೋ! ...ನಗಿ, ನಗಿ. ಇನ್ನೊಂದು ಮಗುವಿನ ತಾಯಿ ಹಿಂದೆ ನಿಂತು ಉತ್ತರ ಪಿಸುಗುಟ್ಟೋರು. ಅದೂ ತಪ್ಪು ಉತ್ತರ! ನಾನು ಮಗುವಿಗೆ "ತಪ್ಪು ಪುಟ್ಟಾ" ಅಂದ್ರೆ ಅವರು ಮುಖ ಊದಿಸ್ಕೊಂಡು ಕ್ಯಾಮೆರಾನೇ ಆಫ್ ಮಾಡಿಬಿಡೋರು.

ಆದ್ರೂ ನಿಮ್ಮ ಕ್ಲಾಸ್ ರೂಮಿಗಿಂತ ವಾಸಿ ಅತ್ತೆ. ಅಲ್ಲಿ ಏನಿದೆ? ಬೆಂಚುಗಳ ಕಿರಕಿರ. ಒಬ್ಬನ ಪೆನ್ಸಿಲ್ ಬಿದ್ರೆ ಎತ್ತೋಕೆ ಅಕ್ಕಪಕ್ಕದವರೆಲ್ಲ ಬಗ್ಗೋದು. ಮೂರನೇ ಸಾಲಿನ ಮೇಲಿರೋ ಫ್ಯಾನು ಟಕ್ ಟಕ್ ಅಂತ...

...ಯಾಕೆ ಹಾಗೆ ಕನ್ನಡಕದ ಮೇಲಿಂದ ನೋಡ್ತೀರಿ? ಫ್ಯಾನಿನ ವಿಷಯ ನನಗೆ ಹೇಗೆ ಗೊತ್ತು ಅಂತಾನಾ? ಯಾರೋ... ಯಾರೋ ಹೇಳಿದ್ರು. ಎಲ್ಲ ಸ್ಕೂಲಲ್ಲೂ ಒಂದು ಫ್ಯಾನು ಹಾಗೆ ಇರುತ್ತಪ್ಪ! ಬಿಡಿ. ಹೊತ್ತಾಗುತ್ತೆ. ಪಾಠ ಶುರು.

ನಮಸ್ಕಾರ ಮಕ್ಕಳೇ! ನನ್ನ ದನಿ ಎಲ್ಲರಿಗೂ ಕೇಳಿಸ್ತಿದೆಯಾ? ...ಅಯ್ಯೋ, ನಗಬೇಡಿ ಅತ್ತೆ, ಬಾಯಿಗೆ ಅದೇ ರೂಢಿ ಆಗಿಹೋಗಿದೆ. ಸರಿ. ಇವತ್ತು ಭಿನ್ನರಾಶಿ. ಭಿನ್ನರಾಶಿ ಅಂದ್ರೆ ಏನು? ಒಂದು ಇಡೀ ವಸ್ತುವಿನ ಭಾಗ. ಇಡೀ ಅಂದ್ರೆ ಪೂರ್ತಿ. ಭಾಗ ಅಂದ್ರೆ ತುಂಡು. ...ಹೂಂ, ಜಾಸ್ತಿ ವಿವರಿಸ್ತಿದೀನಿ, ಗೊತ್ತು. ಇಲ್ಲಿ ನೋಡಿ, ಒಂದು ಹಾಳೆ. ಇದನ್ನ ಮೂರು ಜನಕ್ಕೆ ಸಮನಾಗಿ ಹಂಚಿದ್ರೆ ಸಿಗೋ ತುಂಡು ದೊಡ್ಡದೋ, ನಾಲ್ಕು ಜನಕ್ಕೆ ಹಂಚಿದ್ರೆ ಸಿಗೋ ತುಂಡು ದೊಡ್ಡದೋ? ಯೋಚಿಸಿ ಹೇಳಿ.

...ಹೇಳಿ.

...ಅತ್ತೆ? ಹೇಳಿ ಅಂದೆ. ಸುಲಭದ ಪ್ರಶ್ನೆ. ...ಕೇಳಿಸ್ಲಿಲ್ವಾ? ...ಬಟಾಣಿ ಬಿಡಿಸೋದೂ ನಿಲ್ಲಿಸಿಬಿಟ್ರಾ? ...ಅತ್ತೆ? ...ಒಂದು ನಿಮಿಷ. ಇರಿ, ಈಗ ಬಂದೆ.

...ಹಾಂ, ಬಂದೆ. ನಮಸ್ಕಾರ ಮಕ್ಕಳೇ! ಈಗ ಕೇಳಿಸ್ತಿದೆಯಾ?

...ಇಲ್ಲಪ್ಪ, ಹೊರಗೆ... ನೀರು ಕುಡಿಯೋಕೆ ಹೋಗಿದ್ದೆ. ಹೌದು, ಅಡುಗೆಮನೆಯಿಂದ ಹಜಾರಕ್ಕೆ, ನೀರು ಕುಡಿಯೋಕೆ. ಅಲ್ಲ, ಮುಂಬಾಗಿಲು ಹಾಕಿದೆಯಾ ಅಂತ ನೋಡೋಕೆ. ...ಯಾಕೆ ಈಗ ನಗ್ತಿಲ್ಲ ನೀವು? ಇಷ್ಟು ಹೊತ್ತು ಎಲ್ಲದಕ್ಕೂ ನಗ್ತಿದ್ರಿ. ಇದಕ್ಕೆ ನಗಬೇಕು ತಾನೇ? ನಗಿ. ...ಹಾಗೆ ನೋಡಬೇಡಿ ಅತ್ತೆ. ಏನಾದ್ರೂ ಅನ್ನಿ. ಬೈದ್ರೂ ಪರವಾಗಿಲ್ಲ...

...ಸರಿ. ಸರಿ! ನಿನ್ನೆಯೇ ಆಯ್ತು. ಡೆಮೊ ನಿನ್ನೆಯೇ ಆಯ್ತು. ಹೆಡ್‌ಮಿಸ್ ಹುಷಾರಾಗೇ ಇದ್ರು, ಗುಂಡುಕಲ್ಲಿನ ಹಾಗೆ ಕೂತಿದ್ರು. ಸುಳ್ಳು ಹೇಳಿದೆ.

ಇದೇ ಪಾಠ, ಇದೇ ಪ್ರಶ್ನೆ. ಕೇಳಿದೆ. ಕ್ಲಾಸಿಗೆ ಕ್ಲಾಸೇ ಸುಮ್ಮನಾಯ್ತು. ಒಂದು ತಲೆ ಅಲ್ಲಾಡಲಿಲ್ಲ. ಆನ್‌ಲೈನ್‌ನಲ್ಲಿ ಹಾಗಾದ್ರೆ ನೆಟ್ ಸಿಕ್ಕಿಹಾಕ್ಕೊಂಡಿದೆ ಅಂತ ಅರ್ಥ ಅತ್ತೆ. ಆಗ ನಾವೇನು ಮಾಡ್ತೀವಿ? ಕ್ಲಾಸಿಂದ ಹೊರಗೆ ಹೋಗಿ ಮತ್ತೆ ಒಳಗೆ ಬರ್ತೀವಿ. ಸರಿಹೋಗುತ್ತೆ. ಹಾಗಂತ ನಾನೇನು ಯೋಚನೆ ಮಾಡಿ ಹೋಗಲಿಲ್ಲ, ಕಾಲು ತಾನಾಗೇ ಹೋಯ್ತು! ವರಾಂಡದಲ್ಲಿ ನಿಂತ ಮೇಲೆ ಜ್ಞಾನ ಬಂತು. ಇನ್ನೇನು ಮಾಡೋದು? ಒಳಗೆ ಬಂದು ನಮಸ್ಕಾರ ಮಕ್ಕಳೇ ಅಂದೆ. ಪಾಪ, ಎಲ್ಲ ಎದ್ದು ನಿಂತು ಮತ್ತೆ ನಮಸ್ಕಾರ ಮಿಸ್ ಅಂದ್ವು. ಮತ್ತೆ ಅದೇ ಪ್ರಶ್ನೆ ಕೇಳಿದೆ. ಮತ್ತೆ ಸುಮ್ಮನಾದ್ವು. ...ಹೂಂ. ಮತ್ತೆ ಹೋದೆ. ಮತ್ತೆ ಬಂದಾಗ ಮುಂದಿನ ಸಾಲಿನ ಹುಡುಗಿ ಕೇಳ್ತು, "ಮಿಸ್, ಇದು ಆಟಾನಾ?" ಅಂತ.

ಹೆಡ್‌ಮಿಸ್ ಒಳ್ಳೆಯವರು. "ನಾಳೆ ಇನ್ನೊಂದು ಸಲ ಬನ್ನಿ. ಆದ್ರೆ ಬಾಗಿಲಿಂದ ಒಳಗೇ ಇರಿ" ಅಂದ್ರು. ನಾನು ಹೋಗಲ್ಲ ಅಂತಿದ್ದೆ ಅತ್ತೆ. ಜ್ವರ ಅಂತ ಫೋನ್ ಮಾಡೋಣ ಅಂತ. ಕೆಲಸ ಹೋದ್ರೆ ಹೋಗಲಿ. ಯಾಕಂದ್ರೆ ಆನ್‌ಲೈನ್‌ನಲ್ಲಿ ಕ್ಯಾಮೆರಾ ಆಫ್ ಆಗಿರೋ ಕಪ್ಪು ಚೌಕಗಳು ಸುಮ್ಮನಿದ್ರೆ ನನಗೆ ಏನೂ ಅನ್ನಿಸಲ್ಲ, ಅಲ್ಲಿ ಯಾರೂ ಇರಲ್ಲ. ಈ ಮಕ್ಕಳು ಎಲ್ಲ ಅಲ್ಲೇ ಇದ್ದು ಸುಮ್ಮನಿದ್ರು. ಅಷ್ಟೊಂದು ಕಣ್ಣು!

...ಈಗಲೂ ಮಾತಾಡಲ್ವಾ ನೀವು? ಉತ್ತರ ಗೊತ್ತಿಲ್ಲದೆ ಇರೋದಕ್ಕೆ ನೀವೇನು ಮಗುವಾ? ಮತ್ಯಾಕೆ... ಆ ಹಾಳೆಯನ್ನೇ ಯಾಕೆ ನೋಡ್ತಿದೀರಿ? ...ಓ. ಮಡಚಿ ನೋಡ್ತಿದೀರಾ, ಮನಸ್ಸಿನಲ್ಲೇ? ...ಹಾಗಾದ್ರೆ ಆ ಮಕ್ಕಳೂ ನಿನ್ನೆ...?

ಅಯ್ಯೋ ದೇವರೇ. ನಾನೇ ಅಲ್ವಾ ಯೋಚಿಸಿ ಹೇಳಿ ಅಂದಿದ್ದು!

...ಆಯ್ತು. ನೀವು ಯೋಚಿಸಿ. ನಾನು ಎಲ್ಲೂ ಹೋಗಲ್ಲ. ಬಾಗಿಲ ಕಡೆ ನೋಡೋದೂ ಇಲ್ಲ, ನೋಡಿ. ಅವಸರ ಇಲ್ಲ. ...ಅಬ್ಬಬ್ಬಾ, ಬಹಳ ಹೊತ್ತು ಅನ್ನಿಸುತ್ತೆ ಅತ್ತೆ ಇದು. ...ಇಲ್ಲ, ಇಲ್ಲ, ಮಾತಾಡಲ್ಲ. ಬಾಯಿ ಮುಚ್ಚಿದೆ.

...

...

...ಅದೇನು, ಕೈ ಎತ್ತಿದ್ರಾ? ಹಾಂ, ಕಿಟಕಿ ಪಕ್ಕ ಕೂತಿರೋರು. ಎದ್ದು ನಿಲ್ಲೋದು ಬೇಡ, ಮಂಡಿ ನೋವು. ಕೂತೇ ಹೇಳಿ.