ಏಳನೆಯ ಹಾಡಿನ ಗಂಡು ದನಿ

ವೇದಿಕೆಯ ನಡುವಿನ ದೊಡ್ಡ ಕುರ್ಚಿಯಲ್ಲಿರುವ ಸಂಘದ ಅಧ್ಯಕ್ಷರಾದ ಮಾನ್ಯ ನಂಜುಂಡಸ್ವಾಮಿಯವರೇ, ಅಭಿನಂದನಾ ಪತ್ರವನ್ನು ಒಂದೇ ಉಸಿರಿಗೆ ಓದಿದ ಕಾರ್ಯದರ್ಶಿ ಚಿತ್ರಾ ಅವರೇ, ಬರ್ಮಿಂಗ್‌ಹ್ಯಾಮಿನಿಂದ ಬಂದಿರುವ ಮುಖ್ಯ ಅತಿಥಿ, ನನ್ನ ತಂಗಿಯ ಮಗಳು ಫಿದಾ, ಮುಂದಿನ ಸಾಲಿನ ಗಣ್ಯರೇ, ಹಿಂದಿನ ಸಾಲಿನಲ್ಲಿ ಕೈ ಕಟ್ಟಿ ಕೂತಿರುವ ನಮ್ಮ ಊರಿನವರೇ, ಮತ್ತು ಎಲ್ಲ ಸಭಿಕರೇ,

ನಾನು ಆದಂ. ಊರು ಬಿಟ್ಟು ಈ ಕೊಲ್ಲಿ ದೇಶಕ್ಕೆ ಬಂದು, ಗುಫೂಲಿನಲ್ಲಿ ಇಪ್ಪತ್ತೆಂಟು ವರ್ಷಗಳಿಂದ ಕೋಲ್ಡ್ ಸ್ಟೋರ್ ಎಂಬ ಸಣ್ಣ ದಿನಸಿ ಅಂಗಡಿ ನಡೆಸುವವನು. ಖುಬ್ಬೂಸ್ ರೊಟ್ಟಿ, ಹಾಲು, ಫೋನ್ ಕಾರ್ಡ್. ನಿಮ್ಮಲ್ಲಿ ಅರ್ಧ ಜನರಿಗೆ ನಾನು ಮೊಟ್ಟೆ ಕಟ್ಟಿಕೊಟ್ಟಿದ್ದೇನೆ. ಮೈಕಿನ ಮುಂದೆ ಮಾತಾಡುವುದು ಇದು ಮೊದಲ ಸಲ. ಅಲ್ಲ, ತಪ್ಪಿದೆ, ಎರಡನೆಯ ಸಲ. ಮೊದಲನೆಯ ಸಲದ್ದನ್ನು ಆಮೇಲೆ ಹೇಳುತ್ತೇನೆ.

ಫಿದಾಳ ಮೊದಲ ಆಲ್ಬಮ್ಮಿನ ಹೆಸರು ‘ರಿಟರ್ನ್ ಟೇಪ್’. ಇಪ್ಪತ್ತೆರಡು ವರ್ಷದ ಹುಡುಗಿ, ಹನ್ನೆರಡು ಹಾಡು. ಹಾಡು ಅಂದೆನೇ? ರ‍್ಯಾಪ್ ಅಂತೆ. ಪಲ್ಲವಿ ಇಲ್ಲ, ರಾಗ ಇಲ್ಲ, ಉಸಿರಾಡಲಿಕ್ಕೆ ಪುರುಸೊತ್ತಿಲ್ಲ. ಮಂಗಳೂರಿನ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರು ‘ಸುರತ್ಕಲ್-ಮುಲ್ಕಿ-ಪಡುಬಿದ್ರೆ-ಉಡುಪಿ’ ಎಂದು ಕೂಗುವುದನ್ನು ಕೇಳಿದ್ದೀರಲ್ಲ, ಅದೇ ವೇಗ. ಆದರೆ ಕಂಡಕ್ಟರು ಹೇಳಿದ ಊರಿಗೆ ಬಸ್ಸು ಹೋಗುತ್ತದೆ. ಇವಳ ಮಾತು ಎಲ್ಲಿಗೆ ಹೋಗುತ್ತದೆ ಎಂದು ನನಗೆ ಮೊದಲು ತಿಳಿಯಲಿಲ್ಲ. ನನ್ನ ಮಗಳು ಜುವೈರಿಯಾ ಪದ ಪದ ಬಿಡಿಸಿ ಹೇಳಿದಳು. ಆಗಲೂ ಅರ್ಧವೇ ತಿಳಿಯಿತು.

ಇಂಗ್ಲೆಂಡಿನ ಪತ್ರಿಕೆಗಳು ಮಾತ್ರ ಹೊಗಳಿದ್ದೇ ಹೊಗಳಿದ್ದು. ಒಂದು ಪತ್ರಿಕೆ ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟಿತು. ಇನ್ನೊಬ್ಬರು ‘ಕೂಗಾಟ ಜಾಸ್ತಿ’ ಎಂದು ಬರೆದರು, ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೆ ಎಲ್ಲರೂ ಏಳನೆಯ ಹಾಡಿನ ಬಗ್ಗೆ ಬರೆದರು. ಅದರಲ್ಲಿ ಒಂದು ಗಂಡು ದನಿ ಉಂಟು. ತಬಲದಂಥ ಬಡಿತದ ನಡುವೆ ಮತ್ತೆ ಮತ್ತೆ ಬರುತ್ತದೆ. ಒಬ್ಬ ವಿಮರ್ಶಕ ಅದನ್ನು ಪುರಾತನ ಪ್ರಾರ್ಥನೆ ಎಂದ. ಮತ್ತೊಬ್ಬಳು, ಅಜ್ಜನ ಆಶೀರ್ವಾದ ಎಂದಳು.

ಸಭಿಕರೇ, ಆ ದನಿ ನನ್ನದು.

ನಮ್ಮ ಅಧ್ಯಕ್ಷರು ಇದನ್ನು ಓದಿದರು. ಓದಿ ಸುಮ್ಮನಿರುವ ಪೈಕಿಯವರೇ ಅವರು? ಮಾರನೆಯ ದಿನವೇ ಸಮಿತಿಯವರೊಂದಿಗೆ ಅಂಗಡಿಗೆ ಬಂದರು. “ಆದಂ ಅವರೇ, ನೀವು ಇಷ್ಟು ಚೆನ್ನಾಗಿ ಹಾಡ್ತೀರಿ ಅಂತ ನಮಗೆ ಗೊತ್ತೇ ಇರಲಿಲ್ಲವಲ್ರೀ!” ಅಂದರು. ಅವರು ಮೈಸೂರಿನವರು, ನಮ್ಮ ಬ್ಯಾರಿ ಭಾಷೆ ಅವರಿಗೆ ತಿಳಿಯದು. ಅದು ಅವರ ತಪ್ಪಲ್ಲ. ಕರಾವಳಿಯ ಮದುವೆ ಹಾಡು, ಹೆಣ್ಣನ್ನು ಗಂಡನ ಮನೆಗೆ ಕಳಿಸುವ ಹಾಡು, ಅದಕ್ಕೇ ಆ ದನಿಯ ಹಿಂದೆ ಒಬ್ಬಳು ಅಳುತ್ತಾಳೆ ಎಂದು ತೀರ್ಮಾನಿಸಿಬಿಟ್ಟರು. ನಾನು ಕೈಯಲ್ಲಿ ಖುಬ್ಬೂಸಿನ ಕಟ್ಟು ಹಿಡಿದುಕೊಂಡು ಹೂಂ ಅಂದೆ. ಯಾಕೆ ಹೂಂ ಅಂದೆ? ಗೊತ್ತಿಲ್ಲ. ‘ಜಾನಪದ ಗಾಯಕ’ ಎಂದು ಕರೆಸಿಕೊಳ್ಳುವುದು ಯಾರಿಗೆ ಬೇಡ? ಅರುವತ್ತು ವರ್ಷದಲ್ಲಿ ನನ್ನನ್ನು ಯಾರೂ ಯಾವ ಹೆಸರಿನಿಂದಲೂ ವೇದಿಕೆಗೆ ಕರೆದಿರಲಿಲ್ಲ.

ಅಭಿನಂದನಾ ಪತ್ರ ಓದುವಾಗ ಹಿಂದಿನ ಸಾಲಿನವರು ಯಾಕೆ ಚಪ್ಪಾಳೆ ತಟ್ಟಲಿಲ್ಲ ಎಂದು ಅಧ್ಯಕ್ಷರು ಆಗಲೇ ನನ್ನ ಕಿವಿಯಲ್ಲಿ ಕೇಳಿದರು. ಸ್ವಾಮೀ, ಅವರಿಗೆ ಬ್ಯಾರಿ ಭಾಷೆ ಬರುತ್ತದೆ, ಅದಕ್ಕೆ.

ಈಗಿನವರಿಗೆ ತಿಳಿಯದು, ಆಗ ನಮ್ಮಲ್ಲಿ ಕಾಗದ ಬರೆಯುವವರಿಗಿಂತ ಕ್ಯಾಸೆಟ್ ತುಂಬಿಸುವವರೇ ಹೆಚ್ಚು. ಟೇಪ್ ರೆಕಾರ್ಡರಿನ ಮುಂದೆ ಕೂತು ಸುಖದುಃಖ ಹೇಳುವುದು, ಹೋಗುವವರ ಕೈಯಲ್ಲಿ ಕಳಿಸುವುದು. ಬಂದ ಕ್ಯಾಸೆಟ್ಟನ್ನು ಕೇಳಿ, ಅದರ ಮೇಲೆಯೇ ನಮ್ಮ ಮಾತು ತುಂಬಿಸಿ ತಿರುಗಿ ಕಳಿಸುವುದು. ಒಂದೇ ಕ್ಯಾಸೆಟ್ ವರ್ಷಗಟ್ಟಲೆ ಹೋಗಿ ಬರುತ್ತಿತ್ತು. ಹಿಂದಿನ ಮಾತು ಅಳಿಸಿಹೋಗುತ್ತದಲ್ಲ ಎಂದು ಯಾರೂ ಬೇಸರ ಮಾಡುತ್ತಿರಲಿಲ್ಲ.

ತೊಂಬತ್ತಾರರಲ್ಲಿ ನನ್ನ ತಂಗಿ ಮೈಮೂನ ಬರ್ಮಿಂಗ್‌ಹ್ಯಾಮಿನಿಂದ ಒಂದು ಕ್ಯಾಸೆಟ್ ಕಳಿಸಿದಳು. ಗಂಡ ಹೊಡೆಯುತ್ತಾನೆ, ಐದು ವರ್ಷದ ಮಗುವನ್ನು ಕರೆದುಕೊಂಡು ಬರುತ್ತೇನೆ, ಕೆಲಸ ಸಿಗುವ ತನಕ ನಿಮ್ಮಲ್ಲಿ ಇರುತ್ತೇನೆ ಎಂದು. ನಾನು ಒಂಬತ್ತೋ ಹತ್ತೋ ನಿಮಿಷ ಕೇಳಿದೆ. ಅವಳು ಅಳಲು ಶುರು ಮಾಡಿದಳು. ನನಗೆ ಕೇಳಲಾಗಲಿಲ್ಲ. ಕ್ಯಾಸೆಟ್ಟನ್ನು ಮೊದಲಿಗೆ ತಿರುಗಿಸಿ ರೆಕಾರ್ಡಿನ ಗುಂಡಿ ಒತ್ತಿದೆ. ಅದೇ ನನ್ನ ಮೊದಲ ಮೈಕು.

ಏನು ಹೇಳಿದೆ? ಇಂಗ್ಲೆಂಡಿನವರು ಪ್ರಾರ್ಥನೆ ಎಂದದ್ದನ್ನು ಕನ್ನಡದಲ್ಲಿ ಹೇಳುತ್ತೇನೆ, ಕೇಳಿ: “ಬರಬೇಡ ಮೈಮೂನ. ವೀಸಾ ಸಿಗುವುದಿಲ್ಲ. ಮನೆ ಸಣ್ಣದು. ಗಂಡನ ಮನೆ ಬಿಟ್ಟು ಬಂದರೆ ಜಮಾಅತಿನಲ್ಲಿ ನಾನು ತಲೆ ಎತ್ತುವುದು ಹೇಗೆ? ಸ್ವಲ್ಪ ತಾಳಿಕೋ. ಬರಬೇಡ.” ಇಷ್ಟೇ. ಮದುವೆ ಹಾಡಲ್ಲ.

ವೀಸಾ ಸಿಗುವುದಿಲ್ಲ ಎಂದೆನಲ್ಲ, ನಾನು ಕೇಳಲಿಕ್ಕೇ ಹೋಗಿರಲಿಲ್ಲ. ಇದು ನನ್ನ ಹೆಂಡತಿ ಸುಲೈಖಾಳಿಗೂ ಈಗಲೇ ಗೊತ್ತಾಗುತ್ತಿರುವುದು. ನೋಡಿ, ಮೂರನೆಯ ಸಾಲಿನಲ್ಲಿ ನನ್ನನ್ನೇ ನೋಡುತ್ತಿದ್ದಾಳೆ.

ಇದನ್ನೇ ತಿರುತಿರುಗಿ ಹನ್ನೊಂದು ನಿಮಿಷ ಮಾತಾಡಿ ಕಳಿಸಿದೆ. ಕ್ಯಾಸೆಟ್ಟಿನ ಒಂದು ಬದಿ ಮೂವತ್ತು ನಿಮಿಷ. ಉಳಿದ ಹತ್ತೊಂಬತ್ತು ನಿಮಿಷ ಅವಳ ಮಾತು ಹಾಗೆಯೇ ಉಳಿದಿತ್ತು. ನನ್ನ ‘ಬರಬೇಡ’ ಮುಗಿದು, ‘ಟಕ್’ ಎಂದು ಸದ್ದಾಗಿ, ಅವಳ ಅಳು ಅವಳಿಗೇ ತಿರುಗಿ ಕೇಳಿಸಿತು. ಆಮೇಲೆ ಹದಿನೇಳು ವರ್ಷ ಮೈಮೂನ ನನ್ನೊಂದಿಗೆ ಮಾತಾಡಲಿಲ್ಲ. ಗಂಡನನ್ನು ಬಿಟ್ಟಳು, ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಮಾಡಿ ಮಗಳನ್ನು ಬೆಳೆಸಿದಳು, ಆ ಕ್ಯಾಸೆಟ್ಟನ್ನು ಅಳಿಸದೆ ಇಟ್ಟು ಮಗಳ ಕೈಗೇ ಕೊಟ್ಟಳು. ಇದನ್ನೂ ನನಗೆ ಬೇರೆಯವರೇ ಹೇಳಿದರು.

ಪಕ್ಕದ ಅಂಗಡಿಯ ಟೈಲರ್ ಕ್ಲೆಮೆಂಟ್ ಸಮಾಧಾನ ಹೇಳಿದ: “ಎಂತ ಮಾರಾಯಾ, ಸುಮ್ನೆ ಮಂಡೆ ಬಿಸಿ ಮಾಡ್ತಿ! ನೀನು ಅವತ್ತು ಬಾ ಅಂದಿದ್ರೆ ಆ ಹುಡುಗಿ ಇವತ್ತು ನಿನ್ನ ಅಂಗಡಿಯಲ್ಲಿ ಮೊಸರಿನ ಡಬ್ಬ ಜೋಡಿಸ್ತಾ ಇರ್ತಿತ್ತು. ನಿನ್ನಿಂದಲೇ ಅದು ದೊಡ್ಡ ಜನ ಆದದ್ದು.” ಹೌದೇ? ಹಾಗಾದರೆ ಈ ಶಾಲು ನನಗೆ ಸರಿಯೇ? ಬಾಗಿಲು ಹಾಕಿದವನಿಗೂ ಹಾರ ಹಾಕುತ್ತಾರೆಯೇ? ಒಂದು ತಿಂಗಳಿನಿಂದ ಯೋಚಿಸುತ್ತಿದ್ದೇನೆ. ತಲೆಬುಡ ಅರ್ಥವಾಗುವುದಿಲ್ಲ.

ಈ ಫಿದಾಳೂ ಅರ್ಥವಾಗುವುದಿಲ್ಲ. ಹಾಡಿನಲ್ಲಿ ನನ್ನನ್ನು ಬೈದಿದ್ದಾಳೋ, ನೆನೆದಿದ್ದಾಳೋ? ಜುವೈರಿಯಾಳನ್ನು ಕೇಳಿದರೆ “ಬೋತ್, ಬಾಪಾ” ಅನ್ನುತ್ತಾಳೆ. ಮೊನ್ನೆ ವಿಮಾನ ನಿಲ್ದಾಣದಲ್ಲಿ ಫಿದಾ ನನ್ನನ್ನು ಗಟ್ಟಿಯಾಗಿ ತಬ್ಬಿಕೊಂಡಳು. ಕಾರಿನಲ್ಲಿ ನಮ್ಮ ಬ್ಯಾರಿಯಲ್ಲೇ ಒಂದೇ ಪ್ರಶ್ನೆ ಕೇಳಿದಳು: “ಮಾಮಾ, ನೀವು ರೆಕಾರ್ಡ್ ಮಾಡುವ ಮೊದಲು ಪೂರ್ತಿ ಕೇಳಿದ್ರಾ?” ನಾನು ಟ್ರಾಫಿಕ್ ನೋಡಿದೆ. ಸೀಫ್ ಬಡಾವಣೆ ದಾಟುವ ತನಕ ಟ್ರಾಫಿಕ್ಕೇ ನೋಡಿದೆ.

ಇಲ್ಲ, ಫಿದಾ. ಕೇಳಿರಲಿಲ್ಲ. ಕ್ಯಾಸೆಟ್ಟಿನ ಕೊನೆಯಲ್ಲಿ ನೀನಿದ್ದೀ ಎಂದೇ ನನಗೆ ಗೊತ್ತಿರಲಿಲ್ಲ. ಜುವೈರಿಯಾಳ ಕೋಣೆಯಲ್ಲಿ ಆ ಏಳನೆಯ ಹಾಡು ಮುಗಿಯುವಾಗ ಮೊದಲ ಸಲ ಕೇಳಿದೆ. ಬಡಿತ ನಿಲ್ಲುತ್ತದೆ, ಐದು ವರ್ಷದ ಒಂದು ಮಗು ನಮ್ಮ ಭಾಷೆಯಲ್ಲಿ ಕೇಳುತ್ತದೆ: “ಮಾಮಾ, ನಿಮ್ಮ ಮನೆಯಲ್ಲಿ ನಾನು ಎಲ್ಲಿ ಮಲಗುವುದು?”

ಮಗಳ ಮಂಚದ ಮೇಲೆ ಕೂತು ಅತ್ತೆ. ಮೈಮೂನ ಆ ಪ್ರಶ್ನೆಗೆ ಹದಿನೇಳು ವರ್ಷ ಉತ್ತರಕ್ಕೆ ಕಾದಳಲ್ಲ, ನಾನು ಪ್ರಶ್ನೆಯನ್ನೇ ಕೇಳಿಸಿಕೊಂಡಿರಲಿಲ್ಲವಲ್ಲ ಎಂದು ಅತ್ತೆ.

ಅಧ್ಯಕ್ಷರೇ, ಈ ಶಾಲು ನಿಮ್ಮ ಪ್ರೀತಿ, ಆದರೆ ಇದು ನನ್ನ ಹೆಗಲಿನದಲ್ಲ. ಹಾಡಿದವಳು ಅವಳು, ಅವಳಿಗೆ ಹೊದಿಸಿ. ಹಿಂದಿನ ಸಾಲಿನವರೇ, ಈಗಲಾದರೂ ಅವಳಿಗೆ ಚಪ್ಪಾಳೆ ತಟ್ಟಿ.

ಫಿದಾಳಿಗೆ ಕನ್ನಡ ಬಾರದು. ಅವಳ ಫೋನು ಮಾತ್ರ ಆಗಿನಿಂದ ರೆಕಾರ್ಡ್ ಮಾಡುತ್ತಿದೆ, ಉಮ್ಮನಿಗೆ, ಅಂದರೆ ತಾಯಿಗೆ, ಕಳಿಸಲಿಕ್ಕಂತೆ. ಹಾಗಾದರೆ ಒಂದು ನಿಮಿಷ ಅಪ್ಪಣೆ ಕೊಡಿ, ಆ ಫೋನಿಗೆ ಹೇಳುತ್ತೇನೆ.

ಮೈಮೂನಾ, ಮಗು ಜುವೈರಿಯಾಳ ಪಕ್ಕದಲ್ಲಿ, ಕಿಟಕಿಯ ಬದಿ ಮಲಗಲಿ. ಮೊನ್ನೆಯಿಂದ ಅಲ್ಲೇ ಮಲಗುತ್ತಿದ್ದಾಳೆ. ನಿನಗೆ ಒಳಕೋಣೆ. ಮನೆ ಸಣ್ಣದಲ್ಲ, ನಾನು ಸುಳ್ಳು ಹೇಳಿದೆ. ಬಾ. ಬರಲು ಮನಸ್ಸಿಲ್ಲದಿದ್ದರೆ ಬೈದು ಕಳಿಸು. ಅರ್ಧ ಗಂಟೆ ಬೈದರೂ, ಅತ್ತರೂ, ಈ ಸಲ ಕೊನೆಯ ತನಕ ಕೇಳುತ್ತೇನೆ.

ಗಾಯಕನಲ್ಲದವನ ಮಾತನ್ನು ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನನ್ನ ವಂದನೆ. ನಮಸ್ಕಾರ.